ಸೊಪ್ಪೆ ಹೊಲದಲ್ಲೇ ಇರಲಿ



ಇವತ್ತಿನ ಮಾತು ಮೆಕ್ಕೆಜೋಳದ್ದು. ಧಾರವಾಡ, ಹಾವೇರಿ ಕಡೆಯವರು ಗೋವಿನಜೋಳ ಅಂದುಕೊಳ್ಳಿ. ಮೈಸೂರು ಕಡೆಯವರು ಮುಸುಕಿನ ಜೋಳ ಅನ್ನಿ. ಬೆಳೆ ಒಂದೇ. ನಮ್ಮ ರಾಜ್ಯದಲ್ಲಿ 13 ಲಕ್ಷ ಹೆಕ್ಟೇರಿಗೆ ಕಡಿಮೆಯಿಲ್ಲದಷ್ಟು ಭೂಮಿಯನ್ನು ಇದು ಹಿಡಿದಿದೆ. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ಬಯಲುಸೀಮೆ, ಇಲ್ಲೆಲ್ಲ ಮುಂಗಾರು ಎಂದರೆ ಮೆಕ್ಕೆಜೋಳವೇ.

ಬೀಜ ಯಾವುದು, ಗೊಬ್ಬರ ಎಷ್ಟು, ಹುಳಕ್ಕೆ ಯಾವ ಔಷಧಿ ಎಂಬುದನ್ನು ನೀವು ಸಾಕಷ್ಟು ಕೇಳಿದ್ದೀರಿ. ನಾನು ಅದಕ್ಕೂ ಹಿಂದಿನ ಕೆಲಸದ ಬಗ್ಗೆ ಮಾತಾಡುತ್ತೇನೆ. ಬಿತ್ತುವ ಮೊದಲು ಭೂಮಿಯನ್ನು ನಾವು ಏನು ಮಾಡುತ್ತೇವೆ? ಕಡಿಮೆ ಉತ್ತು, ಇಲ್ಲವೇ ಉಳದೆಯೇ, ಹಿಂದಿನ ಬೆಳೆಯ ಸೊಪ್ಪೆಯನ್ನು ಹೊಲದ ಮೇಲೆಯೇ ಬಿಟ್ಟು ಬಿತ್ತುವ ಪದ್ಧತಿಗೆ ಸಂರಕ್ಷಣಾ ಉಳುಮೆ ಎನ್ನುತ್ತಾರೆ. ಹೆಸರು ದೊಡ್ಡದು. ಕೆಲಸ ಅಷ್ಟು ದೊಡ್ಡದಲ್ಲ.

ಈಗ ನಡೆಯುತ್ತಿರುವುದು ಹೀಗೆ. ತೆನೆ ಮುರಿದ ಮೇಲೆ ನಿಂತ ಸೊಪ್ಪೆಗೆ ಬೆಂಕಿ ಹಚ್ಚುತ್ತೇವೆ. ಇಲ್ಲವೇ ಕಿತ್ತು ಬದುವಿಗೆ ಎಸೆಯುತ್ತೇವೆ. ಬೇಸಿಗೆಯಲ್ಲಿ ಪಲ್ಟಿ ನೇಗಿಲು ಹೊಡೆಸುತ್ತೇವೆ. ಅದರ ಹಿಂದೆ ಕಲ್ಟಿವೇಟರ್, ಒಂದು ಸಲ ಉದ್ದ, ಒಂದು ಸಲ ಅಡ್ಡ. ಕೊನೆಗೆ ರೋಟವೇಟರ್. ಹೊಲ ಹಸನಾಯಿತು ಎಂದು ಸಮಾಧಾನ. ದಾರಿಯಲ್ಲಿ ಹೋಗುವವರೂ ನಿಂತು ಮೆಚ್ಚುತ್ತಾರೆ. ಡೀಸೆಲ್ ಲೆಕ್ಕ ಮಾತ್ರ ಮನೆಯವರಿಗೆ ಗೊತ್ತು.

ಆ ಪುಡಿ ಮಣ್ಣಿನ ಮೇಲೆ ರೋಹಿಣಿ ಮಳೆ ಬೀಳುತ್ತದೆ. ಅರ್ಧ ಗಂಟೆಯ ಮಳೆ, ಆದರೆ ದಪ್ಪ ಹನಿ. ದಪ್ಪ ಹನಿ ನೆಲಕ್ಕೆ ಅಪ್ಪಳಿಸುವ ವೇಗ ಗಂಟೆಗೆ ಸುಮಾರು 30 ಕಿಲೋಮೀಟರ್. ಹನಿ ಬಿದ್ದಲ್ಲಿ ಮಣ್ಣಿನ ಹರಳು ಒಡೆಯುತ್ತದೆ. ಒಡೆದ ನುಣುಪು ಕಣಗಳು ಮಣ್ಣಿನ ಸಣ್ಣ ಸಣ್ಣ ತೂತುಗಳಿಗೆ ಇಳಿದು ಕೂರುತ್ತವೆ. ನೀರು ಇಳಿಯುವ ದಾರಿ ಮುಚ್ಚಿತು. ಮರುದಿನ ಬಿಸಿಲು ಬಿದ್ದರೆ ಮೇಲೆ ಹಕ್ಕಳೆ ಕಟ್ಟುತ್ತದೆ. ಮಸಾರಿ ಭೂಮಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊಳಕೆ ಆ ಹಕ್ಕಳೆಯ ಕೆಳಗೇ ಸುತ್ತಿಕೊಂಡು ಸತ್ತದ್ದನ್ನು ಅವರು ಕೆದಕಿ ನೋಡಿದ್ದಾರೆ.

ಸ್ವಲ್ಪ ಲೆಕ್ಕ ಹಾಕೋಣ. ಒಂದು ಎಕರೆಯ ಮೇಲೆ 10 ಮಿಲಿಮೀಟರ್ ಮಳೆ ಬಿದ್ದರೆ ಅದು ಸುಮಾರು 40 ಸಾವಿರ ಲೀಟರ್ ನೀರು. ದಾರಿ ಮುಚ್ಚಿದ ಹೊಲದಲ್ಲಿ ಇದರ ದೊಡ್ಡ ಪಾಲು ಹಳ್ಳದ ದಾರಿ ಹಿಡಿಯುತ್ತದೆ. ಹೋಗುವಾಗ ಮಣ್ಣನ್ನೂ ಹೊತ್ತುಕೊಂಡು ಹೋಗುತ್ತದೆ. ಎಕರೆಯಿಂದ ಬರೀ ಒಂದು ಮಿಲಿಮೀಟರ್ ದಪ್ಪದ ಮಣ್ಣು ಹೋದರೂ ಅದರ ತೂಕ 5 ಟನ್. ಟ್ರ್ಯಾಕ್ಟರ್ ಟ್ರೇಲರಿನ ಲೆಕ್ಕದಲ್ಲಿ ಎರಡು ಲೋಡು. ಒಂದು ಮಿಲಿಮೀಟರ್ ಕಡಿಮೆಯಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಕೆರೆಯ ಹೂಳು ಹೇರಿಸಲು ಲೋಡಿಗೆ ಇಷ್ಟು ಎಂದು ದುಡ್ಡು ಎಣಿಸಿ ಕೊಡುತ್ತೇವೆ. ಆ ಹೂಳು ಎಲ್ಲಿಂದ ಬಂತು ಎಂದು ಕೇಳುವುದಿಲ್ಲ.

ರೇಡಿಯೋದಲ್ಲಿ ನಾನು ಏನನ್ನೂ ತೋರಿಸಲಾರೆ. ಆದ್ದರಿಂದ ಒಂದು ಪರೀಕ್ಷೆಯನ್ನು ನೀವೇ ಮಾಡಿ. ಬದುವಿನ ಮೇಲೆ, ಹುಲ್ಲಿನ ಬೇರಿನ ನಡುವಿನಿಂದ ಒಂದು ಸಣ್ಣ ಹೆಂಟೆ ತನ್ನಿ. ನಿಂಬೆಹಣ್ಣಿನ ಗಾತ್ರ ಸಾಕು. ಅದೇ ಹೊಲದ ನಟ್ಟನಡುವಿನಿಂದ, ಪ್ರತಿ ವರ್ಷ ರೋಟವೇಟರ್ ಓಡಿದ ಜಾಗದಿಂದ, ಅಷ್ಟೇ ಗಾತ್ರದ ಇನ್ನೊಂದು ಹೆಂಟೆ ತನ್ನಿ. ಎರಡನ್ನೂ ನೆರಳಲ್ಲಿ ಒಣಗಿಸಿ. ಎರಡು ಗಾಜಿನ ಲೋಟದಲ್ಲಿ ನೀರು ತುಂಬಿ, ಒಂದೊಂದರಲ್ಲಿ ಒಂದೊಂದು ಹೆಂಟೆಯನ್ನು ಮೆಲ್ಲಗೆ ಬಿಡಿ. ಈಗ ನೋಡುತ್ತಾ ಕುಳಿತುಕೊಳ್ಳಿ. ಹೊಲದ ನಡುವಿನ ಹೆಂಟೆಯಿಂದ ಗುಳ್ಳೆ ಏಳುತ್ತದೆ. ಅಂಚು ಕಳಚಿ ಬೀಳುತ್ತದೆ. ಸಾಮಾನ್ಯವಾಗಿ ಐದು ನಿಮಿಷದೊಳಗೆ ಅದು ಲೋಟದ ತಳದಲ್ಲಿ ರಾಡಿಯಾಗಿರುತ್ತದೆ. ಬದುವಿನ ಹೆಂಟೆ ಬಹಳ ಹೊತ್ತು ಇದ್ದಂತೆಯೇ ಇರುತ್ತದೆ. ನೀರೂ ಹೆಚ್ಚು ಕದಡುವುದಿಲ್ಲ.

ಎರಡರ ಮೇಲೂ ಸುರಿದ ಮಳೆ ಒಂದೇ. ಆದರೆ ಬದುವನ್ನು ಯಾರೂ ಉತ್ತಿಲ್ಲ. ಅದರ ಮೇಲೆ ಹುಲ್ಲಿನ ಹೊದಿಕೆ ತಪ್ಪಿಲ್ಲ. ಬೇರು, ಶಿಲೀಂಧ್ರದ ನೂಲೆಳೆ, ಎರೆಹುಳುವಿನ ಅಂಟು, ಇವು ಸೇರಿ ಅಲ್ಲಿ ಮಣ್ಣನ್ನು ಹಿಡಿದಿಟ್ಟಿವೆ. ಉತ್ತಾಗಲೆಲ್ಲ ಈ ಹಿಡಿತ ಹರಿಯುತ್ತದೆ. ಗಾಳಿ ಒಳಗೆ ನುಗ್ಗಿ ಸಾವಯವ ಅಂಶವೂ ಬೇಗ ಕರಗುತ್ತದೆ.

ಕೆಳಗಿನ ಸ್ಥಿತಿ ತಿಳಿಯಲು ಬೆರಳು ದಪ್ಪದ ಕಬ್ಬಿಣದ ಸಲಾಕೆ ಸಾಕು. ಹದವಾದ ಮಳೆ ಬಿದ್ದ ಮಾರನೇ ದಿನ ಅದನ್ನು ಹೊಲದಲ್ಲಿ ಒತ್ತಿ. ಬಹಳ ಹೊಲಗಳಲ್ಲಿ ಒಂದು ಗೇಣು ಸಲೀಸಾಗಿ ಇಳಿದು ಆಮೇಲೆ ಟಕ್ಕೆಂದು ನಿಲ್ಲುತ್ತದೆ. ನೇಗಿಲು ಮತ್ತು ರೋಟವೇಟರಿನ ಅಡಿ ಉಜ್ಜಿ ಉಜ್ಜಿ, ಟ್ರ್ಯಾಕ್ಟರಿನ ಭಾರ ಒತ್ತಿ ಒತ್ತಿ ಆದ ಗಟ್ಟಿ ಪದರ ಅದು. ಮೆಕ್ಕೆಜೋಳದ ಬೇರು ಅಲ್ಲಿ ತಡೆದು ಅಡ್ಡಕ್ಕೆ ತಿರುಗುತ್ತದೆ. ಸೂಲಂಗಿ ಒಡೆದು ಮೀಸೆ ಬರುವ ಹೊತ್ತಿಗೆ ಎರಡು ವಾರ ಮಳೆ ಕೈಕೊಟ್ಟರೆ, ಆ ಗಿಡಕ್ಕೆ ಕೆಳಗಿನ ತೇವ ಎಟಕುವುದಿಲ್ಲ. ಎಲೆ ಸುರುಳಿ ಸುತ್ತುತ್ತದೆ.

ಇದುವರೆಗಿನ ಮಾತು ಇಷ್ಟು. ಉತ್ತು ಉತ್ತು ಮೇಲೆ ಹಕ್ಕಳೆ, ಕೆಳಗೆ ಗಟ್ಟಿ ಪದರ, ನಡುವೆ ಹಿಡಿತ ಕಳೆದುಕೊಂಡ ಮಣ್ಣು. ಹಾಗಾದರೆ ಉಳುವುದನ್ನು ಬಿಟ್ಟರೆ ಬೆಳೆ ಬರುತ್ತದೆಯೇ?

ಈ ಪ್ರಶ್ನೆಯನ್ನು ಗಟ್ಟಿಯಾಗಿ ಎತ್ತಿದವರಲ್ಲಿ ಅಮೆರಿಕದ ಎಡ್ವರ್ಡ್ ಫಾಕ್ನರ್ ಒಬ್ಬರು. 1930ರ ದಶಕದಲ್ಲಿ ಆ ದೇಶದ ಬಯಲುಸೀಮೆಗೆ ಬರ ಬಂತು. ಉತ್ತು ಬರಿದಾಗಿದ್ದ ಲಕ್ಷಾಂತರ ಎಕರೆಯ ಮಣ್ಣು ಧೂಳಾಗಿ ಹಾರಿಹೋಯಿತು. ಫಾಕ್ನರ್ 1943ರಲ್ಲಿ ಪುಸ್ತಕ ಬರೆದು, ಮಣ್ಣನ್ನು ಮಗುಚುವ ನೇಗಿಲಿಗೆ ಶಾಸ್ತ್ರದ ಆಧಾರವೇ ಇಲ್ಲ ಎಂದು ವಾದಿಸಿದರು. ವಾದ ಜೋರಾಯಿತು. ಆದರೆ ಉಳದಿದ್ದರೆ ಕಳೆಯನ್ನು ಏನು ಮಾಡುವುದು ಎಂಬುದಕ್ಕೆ ಆಗ ಸರಿಯಾದ ಉತ್ತರವಿರಲಿಲ್ಲ. ಕಳೆನಾಶಕಗಳು ಬಂದ ಮೇಲೆ, 1962ರಲ್ಲಿ, ಕೆಂಟಕಿಯ ಹ್ಯಾರಿ ಯಂಗ್ ಎಂಬ ರೈತ ಒಂದು ಎಕರೆಗೂ ಕಡಿಮೆ ಜಾಗದಲ್ಲಿ ಉಳದೆ ಮೆಕ್ಕೆಜೋಳ ಹಾಕಿದರು. ಹತ್ತು ವರ್ಷದ ನಂತರ ಬ್ರೆಜಿಲ್‌ನ ಹರ್ಬರ್ಟ್ ಬಾರ್ಟ್ಸ್ ಎಂಬ ರೈತ ಆ ಹೊಲ ನೋಡಿಕೊಂಡು ಹೋಗಿ ತಮ್ಮೂರಿಗೆ ಯಂತ್ರ ತರಿಸಿದರು. ಇವತ್ತು ಬ್ರೆಜಿಲ್‌ನಲ್ಲಿ ಕೋಟ್ಯಂತರ ಎಕರೆ ಉಳದೆ ಬಿತ್ತುವ ಭೂಮಿ. ಗಮನಿಸಿ, ಶುರು ಮಾಡಿದ್ದು ಒಂದು ಎಕರೆಯೊಳಗೆ.

ಅವರದು ನೂರಾರು ಎಕರೆ, ನಮ್ಮದು ಎರಡು ಮೂರು ಎಕರೆ ಎಂದು ನೀವು ಹೇಳುತ್ತೀರಿ. ನ್ಯಾಯವಾದ ಮಾತು. ಹಾಗಾದರೆ ಗುಂಟೂರಿಗೆ ಬನ್ನಿ. ಕೃಷ್ಣೆ ಸಮುದ್ರ ಸೇರುವ ಬಯಲಿನಲ್ಲಿ ಭತ್ತ ಕೊಯ್ದ ಮೇಲೆ ಹಿಂದೆ ಉದ್ದು ಹಾಕುತ್ತಿದ್ದರು. ಉದ್ದಿಗೆ ಹಳದಿ ನಂಜು ರೋಗ ಬಂತು. ಮೇಲೆ ಹಬ್ಬಿ ಹೀರುವ ಬಳ್ಳಿಕಳೆಯೂ ಬಂತು. ರೈತರು ಮೆಕ್ಕೆಜೋಳಕ್ಕೆ ತಿರುಗಿದರು. ಭತ್ತದ ಗದ್ದೆಯನ್ನು ಉತ್ತು ಒಣಗಿಸಿ, ಹೆಂಟೆ ಒಡೆದು ಹದ ಮಾಡಲು ವಾರಗಟ್ಟಲೆ ಬೇಕು. ಅಷ್ಟರಲ್ಲಿ ನೆಲದ ತೇವ ಹಾರಿರುತ್ತದೆ. ಅದಕ್ಕೇ ಅವರು ಉಳುಮೆಯನ್ನೇ ಕೈಬಿಟ್ಟರು. ಕೂಳೆಯ ನಡುವೆ ಹಗ್ಗ ಹಿಡಿದು, ಗೂಟದಿಂದ ಕುಳಿ ಮಾಡಿ, ಕುಳಿಗೆ ಬೀಜ ಹಾಕುತ್ತಾ ಹೋದರು. ನೀರು ಕೊಟ್ಟು ಬೆಳೆಯುವ ಅಲ್ಲಿ ಎಕರೆಗೆ 30 ಕ್ವಿಂಟಾಲ್ ದಾಟುವುದು ದೊಡ್ಡ ಸುದ್ದಿಯೇನಲ್ಲ. ನಮ್ಮ ಭದ್ರಾ, ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಮೇಲೆ ಮೆಕ್ಕೆಜೋಳ ಹಾಕುವವರು ಇದನ್ನು ಹೆಚ್ಚು ಬದಲಾವಣೆಯಿಲ್ಲದೆ ಮಾಡಬಹುದು.

ಉಳದೆ ಬೆಳೆ ಬರುತ್ತದೆ ಎಂಬುದು ಹೀಗೆ ಗೊತ್ತಾಯಿತು. ಈಗ ಒಂದು ಎಚ್ಚರಿಕೆ. ನನ್ನ ಮಾತಿನ ತಿರುಳೂ ಇದೇ.

ಮೆಕ್ಸಿಕೋ ದೇಶದ ಎಲ್ ಬಟಾನ್ ಎಂಬಲ್ಲಿ ಸಿಮ್ಮಿಟ್ ಎಂಬ ಅಂತರರಾಷ್ಟ್ರೀಯ ಮೆಕ್ಕೆಜೋಳ ಮತ್ತು ಗೋಧಿ ಸಂಶೋಧನಾ ಸಂಸ್ಥೆಯ ಹೊಲವಿದೆ. ಮಳೆ ನಂಬಿದ ಭೂಮಿ. ಅಲ್ಲಿ 1991ರಿಂದ ಒಂದು ಪ್ರಯೋಗ ನಡೆದಿದೆ. ಕೆಲವು ತಾಕು ಉತ್ತದ್ದು, ಕೆಲವು ಉಳದೆ ಬಿಟ್ಟದ್ದು. ಕೆಲವದರಲ್ಲಿ ಸೊಪ್ಪೆ ಬಿಟ್ಟದ್ದು, ಕೆಲವದರಲ್ಲಿ ತೆಗೆದದ್ದು. ಉಳದೆ ಸೊಪ್ಪೆ ಬಿಟ್ಟ ತಾಕಿನಲ್ಲಿ ಬೆಳೆ ಚೆನ್ನಾಗಿ ಬಂತು. ಉಳದೆ ಸೊಪ್ಪೆಯನ್ನೂ ಒಯ್ದ ತಾಕು ಮಾತ್ರ ಉತ್ತ ಹೊಲಕ್ಕಿಂತ ಹಿಂದೆ ಬಿತ್ತು. ಕಾರಣ ಸುಲಭ. ಬರಿ ನೆಲಕ್ಕೆ ಹನಿಯ ಏಟು ತಪ್ಪಲಿಲ್ಲ, ಹಕ್ಕಳೆ ಕಟ್ಟಿತು. ಉಳುಮೆಯಾದರೂ ಆ ಹಕ್ಕಳೆಯನ್ನು ವರ್ಷಕ್ಕೊಮ್ಮೆ ಒಡೆಯುತ್ತಿತ್ತು, ಇಲ್ಲಿ ಅದೂ ಇಲ್ಲ. ಆದ್ದರಿಂದ ಸೊಪ್ಪೆ ಸುಟ್ಟು ಉಳುಮೆ ಬಿಡುವುದಾದರೆ ದಯವಿಟ್ಟು ಬಿಡಬೇಡಿ. ಉತ್ತೇ ಬಿತ್ತಿ.

ಸೊಪ್ಪೆ ಹೊಲದಲ್ಲೇ ಬಿಟ್ಟರೆ ದನಕ್ಕೇನು? ಈ ಪ್ರಶ್ನೆ ಬಂದೇ ಬರುತ್ತದೆ, ಬರಬೇಕು ಕೂಡ. ಬಿಳಿಜೋಳದ ಕಣಿಕೆಯಷ್ಟು ರುಚಿಯಾಗಿ ದನ ಇದನ್ನು ತಿನ್ನದಿದ್ದರೂ, ಬರಗಾಲದಲ್ಲಿ ಇದೇ ಮೇವು. ಎಕರೆಗೆ 20 ಕ್ವಿಂಟಾಲ್ ಕಾಳು ಬಂದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಸೊಪ್ಪೆಯೂ ಇರುತ್ತದೆ. ಅಷ್ಟನ್ನೂ ಬಿಡಿ ಎಂದು ನಾನು ಹೇಳುವುದಿಲ್ಲ. ತೆನೆಯಿಂದ ಮೇಲಿನ ಭಾಗದಲ್ಲಿ ಎಲೆ ಹೆಚ್ಚು, ದಂಟು ಎಳಸು. ಅದನ್ನು ಕೊಯ್ದು ಕೊಟ್ಟಿಗೆಗೆ ಒಯ್ಯಿರಿ. ಮೊಣಕಾಲು ಮಟ್ಟದ ಬುಡ, ಉದುರಿದ ಎಲೆ, ದನ ಮೂಸಿ ಬಿಟ್ಟ ದಂಟು, ಇವು ಹೊಲಕ್ಕಿರಲಿ.

ಎಷ್ಟಿದ್ದರೆ ಸಾಕು? ಬಿತ್ತನೆ ಮುಗಿದ ಮೇಲೆ ನೆಲದ ನೂರಕ್ಕೆ 30 ಪಾಲಾದರೂ ಮುಚ್ಚಿರಬೇಕು ಎಂಬುದು ಎಲ್ಲ ಕಡೆ ಒಪ್ಪಿದ ಅಳತೆ. ಕಣ್ಣಂದಾಜು ಮೋಸ ಮಾಡುತ್ತದೆ. ಐವತ್ತು ಅಡಿ ಹಗ್ಗ ತೆಗೆದುಕೊಳ್ಳಿ. ಅರ್ಧ ಅಡಿಗೊಂದರಂತೆ ನೂರು ಗಂಟು ಹಾಕಿ. ಸಾಲಿಗೆ ಓರೆಯಾಗಿ ಹೊಲದ ಮೇಲೆ ಎಳೆದು ಹಾಸಿ. ಒಂದು ತುದಿಯಿಂದ ಬಗ್ಗಿ ನೋಡುತ್ತಾ ಹೋಗಿ. ಎಷ್ಟು ಗಂಟಿನ ಅಡಿಯಲ್ಲಿ ಸೊಪ್ಪೆ ಸಿಕ್ಕಿತು ಎಂದು ಎಣಿಸಿ. 30 ಸಿಕ್ಕರೆ ದಡ ಮುಟ್ಟಿದಿರಿ. ಹೊಲದಲ್ಲಿ ಮೂರು ನಾಲ್ಕು ಕಡೆ ಹೀಗೆ ಮಾಡಿ. ಶಾಲೆಗೆ ಹೋಗುವ ಮಕ್ಕಳಿಗೆ ವಹಿಸಿದರೆ ನಿಮಗಿಂತ ಚೊಕ್ಕವಾಗಿ ಎಣಿಸುತ್ತಾರೆ.

ಉಳುಮೆ ಕಡಿಮೆ ಮಾಡುವುದು ಒಂದು, ಸೊಪ್ಪೆ ಉಳಿಸುವುದು ಇನ್ನೊಂದು, ಎರಡೂ ಜೊತೆಯಲ್ಲೇ ಹೋಗಬೇಕು ಎಂದಾಯಿತು. ಇನ್ನು ಯಾವ ಭೂಮಿಗೆ ಯಾವ ರೀತಿ?

ಮಸಾರಿ, ಕೆಂಪು ಭೂಮಿಗೆ ಪಟ್ಟಿ ಉಳುಮೆ ಎಂಬುದು ನನಗೆ ಹೆಚ್ಚು ಹಿಡಿಸಿದೆ. ಈ ಮಣ್ಣು ಒಣಗಿದರೆ ಗಟ್ಟಿ. ಒಮ್ಮೆಲೇ ಉಳುಮೆ ಬಿಟ್ಟರೆ ಮೊದಲ ವರ್ಷ ಬೇರು ಒದ್ದಾಡುತ್ತದೆ. ಅದಕ್ಕೆ ಬೀಜ ಬೀಳುವ ಸಾಲನ್ನು ಮಾತ್ರ ಒಂದು ಗೇಣು ಅಗಲ ಸಡಿಲ ಮಾಡುವುದು. ಎರಡು ಸಾಲಿನ ನಡುವಿನ ಜಾಗವನ್ನು ಸೊಪ್ಪೆಯೊಂದಿಗೆ ಹಾಗೆಯೇ ಬಿಡುವುದು. ಗಟ್ಟಿ ಪದರ ಇದ್ದರೆ, ಶುರು ಮಾಡುವ ವರ್ಷ ಮಣ್ಣು ಮಗುಚದೆ ಆಳಕ್ಕೆ ಸೀಳುವ ಕುಳದಿಂದ ಒಮ್ಮೆ ಒಡೆಸಿ.

ಎರೆ ಭೂಮಿಯ ಮಾತೇ ಬೇರೆ. ಬೇಸಿಗೆಯಲ್ಲಿ ಅದು ತಾನಾಗಿಯೇ ಬಿರುಕು ಬಿಟ್ಟು ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಅಲ್ಲಿ ಉಳುಮೆಯ ಅಗತ್ಯ ಇನ್ನೂ ಕಡಿಮೆ. ಆದರೆ ನೀರು ನಿಲ್ಲುತ್ತದೆ, ಮತ್ತು ಮೊಣಕಾಲು ಮಟ್ಟಕ್ಕೆ ಬರುವವರೆಗೆ ಮೆಕ್ಕೆಜೋಳಕ್ಕೆ ನಿಂತ ನೀರು ಆಗದು. ಒಮ್ಮೆ ಅಗಲವಾದ ಏರುಮಡಿ, ಬಸಿಯಲು ಕಾಲುವೆ ಮಾಡಿ. ಮುಂದಿನ ವರ್ಷ ಅದನ್ನು ಕೆಡಿಸದೆ ಕಾಲುವೆಯನ್ನಷ್ಟೇ ತಿದ್ದಿ, ಅದೇ ಮಡಿಯ ಮೇಲೆ ಬಿತ್ತಿ. ಟ್ರ್ಯಾಕ್ಟರ್ ಚಕ್ರವೂ ಕಾಲುವೆಯಲ್ಲೇ ಓಡಲಿ.

ಬಿತ್ತನೆಯ ಅಳತೆ ನಿಮಗೆ ಗೊತ್ತಿರುವುದೇ. ಸಾಲಿಂದ ಸಾಲಿಗೆ ಎರಡು ಅಡಿ, ಎಕರೆಗೆ ಸುಮಾರು 33 ಸಾವಿರ ಗಿಡ, ನಾಲ್ಕೈದು ಸೆಂಟಿಮೀಟರ್ ಆಳ. ಸೊಪ್ಪೆ ಇರುವ ಹೊಲದಲ್ಲಿ ಒಂದು ತೊಡಕು ಹೆಚ್ಚು. ಕುಳದ ಒತ್ತಡಕ್ಕೆ ಸೊಪ್ಪೆ ಕತ್ತರಿಸದೆ ಮಡಚಿಕೊಂಡು ಬೀಜದ ಜೊತೆಗೇ ಸೀಳಿನೊಳಗೆ ಹೋಗುತ್ತದೆ. ಬೀಜಕ್ಕೆ ಮಣ್ಣು ತಾಕುವುದಿಲ್ಲ, ಮೊಳೆಯುವುದಿಲ್ಲ. ಬೆಳಗಿನ ಇಬ್ಬನಿಯಲ್ಲಿ ಸೊಪ್ಪೆ ಮೆತ್ತಗಿರುವಾಗ ಇದು ಜಾಸ್ತಿ. ಬಿಸಿಲೇರಿ ಸೊಪ್ಪೆ ಗರಿಗರಿಯಾದ ಮೇಲೆ ಬಿತ್ತಿ. ಹತ್ತು ಮಾರು ಹೋದ ಮೇಲೆ ಟ್ರ್ಯಾಕ್ಟರ್ ನಿಲ್ಲಿಸಿ, ಇಳಿದು, ಸೀಳನ್ನು ಕೆದಕಿ ಬೀಜ ಎಲ್ಲಿ ಕೂತಿದೆ ನೋಡಿ. ಡ್ರೈವರ್ ಗೊಣಗಿದರೆ ಗೊಣಗಲಿ.

ಗೊಬ್ಬರದ ವಿಚಾರ ಒಂದೇ ಮಾತು. ಒಣ ಸೊಪ್ಪೆಯನ್ನು ಕೊಳೆಸುವ ಜೀವಾಣುಗಳು ಮೊದಮೊದಲು ಮಣ್ಣಿನ ಸಾರಜನಕವನ್ನು ತಾವೇ ಬಳಸಿಕೊಳ್ಳುತ್ತವೆ. ಎಳೆ ಗಿಡ ಹಳದಿಯಾಗುತ್ತದೆ. ಆದ್ದರಿಂದ ಬಿತ್ತುವಾಗಲೇ ಸಾರಜನಕದ ಪಾಲು ಸ್ವಲ್ಪ ಹೆಚ್ಚಿರಲಿ. ಯೂರಿಯಾವನ್ನು ಸೊಪ್ಪೆಯ ಮೇಲೆ ಎರಚಬೇಡಿ, ಅರ್ಧ ಗಾಳಿಪಾಲಾದೀತು. ಬೀಜದ ಪಕ್ಕದಲ್ಲಿ ಮಣ್ಣಿನೊಳಗೆ ಬೀಳಲಿ.

ಈಗ ಅಕ್ಕಂದಿರು ಕೇಳಬೇಕಾದ ಭಾಗ. ಕಳೆ ಕೀಳುವ ಕೆಲಸ ಮನೆಯಲ್ಲಿ ಯಾರ ಪಾಲಿಗೆ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಈ ಪದ್ಧತಿ ಸೋಲುವುದಾದರೆ ಇಲ್ಲೇ ಸೋಲುತ್ತದೆ. ನಮ್ಮ ಎಡೆಕುಂಟೆ ಸೊಪ್ಪೆಯಲ್ಲಿ ಓಡುವುದಿಲ್ಲ, ಸೊಪ್ಪೆಯನ್ನೇ ಬಾಚಿ ಗುಡ್ಡೆ ಹಾಕುತ್ತದೆ. ದಟ್ಟ ಸೊಪ್ಪೆ ಸ್ವಲ್ಪ ಕಳೆಯನ್ನು ತಡೆಯುತ್ತದೆ, ಎಲ್ಲವನ್ನೂ ಅಲ್ಲ. ಬಿತ್ತಿದ ಕೂಡಲೇ ತೇವವಿರುವಾಗ ಅಟ್ರಜಿನ್ ಸಿಂಪಡಿಸುವುದು ರೂಢಿಯಲ್ಲಿದೆ. ತೊಗರಿ, ಅವರೆ, ಅಲಸಂದೆ ಅಕ್ಕಡಿ ಹಾಕುವವರು ಅದನ್ನು ಮುಟ್ಟಬೇಡಿ, ದ್ವಿದಳ ಸುಟ್ಟುಹೋಗುತ್ತದೆ. ಗ್ಲೈಫೊಸೇಟನ್ನು 2022ರಲ್ಲಿ ಕೇಂದ್ರ ಸರ್ಕಾರ ಕೀಟ ನಿಯಂತ್ರಣ ನಿರ್ವಾಹಕರ ಕೈಗೆ ಮಾತ್ರ ಸೀಮಿತಗೊಳಿಸಿತು. ಪ್ಯಾರಾಕ್ವಾಟ್ ಹೊಟ್ಟೆಗೆ ಹೋದರೆ ಅದಕ್ಕೆ ಮದ್ದಿಲ್ಲ. ಮನೆಯಲ್ಲಿ ಇಟ್ಟುಕೊಳ್ಳುವುದೇ ಬೇಡ ಎಂಬುದು ನನ್ನ ಅಭಿಪ್ರಾಯ. ಕಳೆನಾಶಕವನ್ನೇ ನೆಚ್ಚಿ ಈ ಪದ್ಧತಿ ನಡೆಸುವುದು ನನಗೆ ಸರಿಕಾಣುವುದಿಲ್ಲ. ಸಾಲಿನ ನಡುವೆ ಅಲಸಂದೆ ಹಬ್ಬಿಸಿ. ಒಂದು ಸಲ ಕೈಗಳೆ ತೆಗೆಸಿ. ಕಳೆ ಬೀಜ ಕಟ್ಟಲು ಬಿಡದಿದ್ದರೆ ಮೂರನೇ ವರ್ಷಕ್ಕೆ ಭಾರ ಇಳಿಯುತ್ತದೆ, ಏಕೆಂದರೆ ಕೆಳಗಿರುವ ಹಳೆಯ ಬೀಜವನ್ನು ಮೇಲೆತ್ತಿ ತರುವ ನೇಗಿಲು ಇಲ್ಲ.

ಭೂಮಿ, ಬೀಜ, ಕಳೆ ಆಯಿತು. ಉಳಿದದ್ದು ಹುಳ. ಫಾಲ್ ಸೈನಿಕ ಹುಳು ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದೇ ನಮ್ಮ ರಾಜ್ಯದಲ್ಲಿ, 2018ರಲ್ಲಿ, ಶಿವಮೊಗ್ಗದ ಕಡೆ. ಅದರ ಕೋಶ ಮಣ್ಣಿನಲ್ಲಿ ಕೆಲವೇ ಸೆಂಟಿಮೀಟರ್ ಆಳದಲ್ಲಿರುತ್ತದೆ. ಮಾಗಿ ಉಳುಮೆ ಮಾಡಿದರೆ ಅದು ಮೇಲೆ ಬಿದ್ದು ಹಕ್ಕಿಗಳ ಪಾಲಾಗುತ್ತದೆ ಎಂದು ಇಲಾಖೆಯವರು ಹೇಳುವುದು ಸುಳ್ಳಲ್ಲ. ಉಳದಿದ್ದರೆ ಆ ಲಾಭ ತಪ್ಪುತ್ತದೆ. ಇನ್ನೊಂದು ಕಡೆ, ಸೊಪ್ಪೆಯಡಿಯಲ್ಲಿ ಇರುವೆ, ಜೇಡ, ಹುಳ ತಿನ್ನುವ ಜೀರುಂಡೆ ನೆಲೆಸುತ್ತವೆ. ಜಿಂಬಾಬ್ವೆಯ ಸಣ್ಣ ರೈತರ ಹೊಲಗಳಲ್ಲಿ ಅಧ್ಯಯನ ಮಾಡಿದವರಿಗೆ ಕಡಿಮೆ ಉತ್ತ ಹೊಲದಲ್ಲಿ ಈ ಹುಳುವಿನ ಕಾಟ ಕಡಿಮೆ ಕಂಡಿತು. ಎರಡನ್ನೂ ಹೇಳಿದ್ದೇನೆ. ನೀವಂತೂ ಸುಳಿಯೊಳಗೆ ನೋಡುವುದನ್ನು ಬಿಡಬೇಡಿ.

ರೋಗದ ವಿಚಾರದಲ್ಲಿ ನಾನು ಇನ್ನೂ ಬಿಗಿ. ಎಲೆ ಅಂಗಮಾರಿಯ ಶಿಲೀಂಧ್ರ ಸೊಪ್ಪೆಯ ಮೇಲೆ ಉಳಿದು ಮುಂದಿನ ಬೆಳೆಗೆ ದಾಟುತ್ತದೆ. ಮೆಕ್ಕೆಜೋಳದ ಮೇಲೆ ಮೆಕ್ಕೆಜೋಳ, ಅದರ ಮೇಲೆ ಮತ್ತೆ ಮೆಕ್ಕೆಜೋಳ ಎನ್ನುವವರಿಗೆ ಈ ಪದ್ಧತಿ ಹೇಳಿ ಮಾಡಿಸಿದ್ದಲ್ಲ. ನಡುವೆ ಕಡಲೆ, ಅವರೆ, ಸೋಯಾ, ಶೇಂಗಾ ಏನಾದರೊಂದು ಬರಲೇಬೇಕು. ಇಲಿಯೂ ಹೆಚ್ಚಬಹುದು, ಬಿಲ ನೋಡಿಕೊಳ್ಳಿ.

ಇಳುವರಿ ಮೊದಲ ಒಂದೆರಡು ವರ್ಷ ಮೇಲೇರದೆ ಇರಬಹುದು. ಕೆಲವರಿಗೆ ತುಸು ಇಳಿಯಲೂಬಹುದು. ಮೊದಲ ವರ್ಷ ಕಾಣುವುದು ಉಳಿದ ಡೀಸೆಲ್ ದುಡ್ಡು, ಮತ್ತು ಮಳೆ ಬಿದ್ದ ಕೂಡಲೇ ಬಿತ್ತಲು ಸಿಗುವ ನಾಲ್ಕು ದಿನ. ಇಡೀ ಹೊಲಕ್ಕೆ ಕೈಹಾಕಬೇಡಿ, ಅರ್ಧ ಎಕರೆ ಸಾಕು. ನಿಮ್ಮ ಹೋಬಳಿಯ ಕೃಷಿ ಯಂತ್ರಧಾರೆ ಬಾಡಿಗೆ ಕೇಂದ್ರದಲ್ಲಿ ವಿಚಾರಿಸಿ. ಮುಂದೆ ಸೊಪ್ಪೆ ಕತ್ತರಿಸುವ ತಟ್ಟೆ, ಹಿಂದೆ ಸಣ್ಣ ಸೀಳುಗುಳ, ಅದರ ಹಿಂದೆ ಒತ್ತುವ ಚಕ್ರ ಇರುವ ಕೂರಿಗೆ ಬೇಕು ಎಂದು ಬಿಡಿಸಿ ಹೇಳಿ. ಸಿಗದಿದ್ದರೆ ಗುಂಟೂರಿನವರ ಹಗ್ಗ, ಗೂಟ ಇದ್ದೇ ಇದೆ.

ಕೊನೆಗೆ, ಈ ಕೆಲಸ ಶುರುವಾಗುವುದು ತೆನೆ ಮುರಿಯುವ ದಿನವೇ, ಮುಂಗಾರಿಗಲ್ಲ. ಸೊಪ್ಪೆಯನ್ನು ಮುಂದಿನ ಬಿತ್ತನೆಯವರೆಗೂ ಕಾಯಬೇಕು. ಊರ ದನ ನುಗ್ಗುತ್ತದೆ, ಪಕ್ಕದ ಹೊಲದವರು ಬೆಂಕಿ ಹಚ್ಚುತ್ತಾರೆ. ಬದುವಿನ ಒಳಗೆ ಸುತ್ತಲೂ ಎರಡು ಮಾರು ಅಗಲ ಸೊಪ್ಪೆ ತೆಗೆದು ನೆಲ ಬರಿದು ಮಾಡಿ. ಬೆಂಕಿ ಹಬ್ಬಿ ಬಂದರೂ ಸುಲಭವಾಗಿ ದಾಟಲಾರದು. ಬೆಂಕಿ ಹಚ್ಚುವ ಮೊದಲು ನಿಮಗೊಂದು ಮಾತು ಹೇಳುವಂತೆ ಪಕ್ಕದ ಹೊಲದವರಿಗೆ ಈಗಲೇ ತಿಳಿಸಿಡಿ.